ಊರಿಗೆಲ್ಲ ಸ್ಲ್ಯಾಬು, ಮನ್ಯಾಗ ಛತ್ರಿ

ನಗಿ ಬರೋ ಮಾತೊಂದು ನಡೀದೇ ಇದ್ದ ದಿನ ಕಾಂಕ್ರೀಟೇ ಹಿಡಿಯಂಗಿಲ್ಲ ಅಂತ ನಮ್ಮ ಗ್ಯಾಂಗಿನಾಗ ಒಂದು ಮಾತದ. ಹಂಗಾಗಿ ದಿನಾ ಏನರ ಒಂದು ನಡೀತದ. ಇಂಥ ಬಿಸಲಾಗ ತಲಿ ಮ್ಯಾಲ ಬುಟ್ಟಿ ಹೊತ್ಕೊಂಡು ಹ್ಯಾಂಗ ನಗ್ತೀರವ್ವ ಅಂತ ಮಂದಿ ಕೇಳ್ತಾರ. ಮತ್ತೇನ್ ಮಾಡಬೇಕ್ರಿ? ಅತ್ರ ಬುಟ್ಟಿ ಹಗರಾಗ್ತದೇನು?

ನಾ ಝರಾಸಂಗಂ ಕಡೀದಾಕಿ. ಸ್ಲ್ಯಾಬ್ ಹಾಕೋ ಗ್ಯಾಂಗಿಗಿ ಮುಕದ್ದಮ. ಮಾಲಕರ ಜೋಡಿ ಮಾತಾಡೋದು, ಆಳು ಕೂಡಿಸೋದು, ಯಾರರ ಕುಂತ್ರ ಬೈದು ಎಬ್ಬಸೋದು, ಎಲ್ಲಾ ನನ್ನ ಕೆಲಸ. ಬೈಯೋದ್ರಾಗ ನನ್ನ ಮೀರಸಾಕ ಯಾರೂ ಇಲ್ಲ, ಅದು ನಾನೇ ಹೇಳ್ತೀನಿ. ಜಹೀರಾಬಾದ್, ನಾರಾಯಣಖೇಡ್, ತಾಂಡೂರ್, ಎಲ್ಲಿ ಕರದ್ರೂ ಟಂಟಂ ಹತ್ತಿ ಹೊಂಟಬಿಡ್ತೀವಿ. ಮನಿ ಕೆಲಸ, ರೋಡಿನ ಕೆಲಸ, ಫ್ಯಾಕ್ಟ್ರಿ ಕೆಲಸ, ಮೂರೂ ಮಾಡೀವಿ.

ನನ್ನ ಗಂಡ ಗೌಂಡಿ. ಇಟ್ಟಂಗಿ ಗೋಡಿ ಕಟ್ತಾನ. ದಾರಕ್ಕ ಗುಂಡು ಕಟ್ಟಿ ಇಳೀಬಿಟ್ಟು, ಗೋಡಿ ನೆಟ್ಟಗದೋ ಇಲ್ಲೋ ಅಂತ ಒಂದು ಕಣ್ಣು ಮುಚ್ಚಿ ನೋಡ್ಕೋತ ನಿಂತ್ನಂದ್ರ ಮುಗೀತು, ಜಗತ್ತೇ ಬ್ಯಾಡ ಅವನಿಗಿ. ಮಾತು ಭಾಳ ಕಮ್ಮಿ. ದಿನವೆಲ್ಲಾ ಅವನ ಬಾಯಾಗಿಂದ ಬರೋದು "ಮಾಲ್ ತಾ", "ನೀರ್ ಹಾಕ್" ಅಂತ ಎರಡೇ. ಮೂರನೇದು ಬಂತಂದ್ರ ಜ್ವರಗಿರ ಬಂದಾವೇನೋ ಅಂತ ನಾ ಹಣಿ ಮುಟ್ಟಿ ನೋಡ್ತೀನಿ.

ಇಷ್ಟೆಲ್ಲಾ ಇದ್ದು, ನಮ್ಮ ಸ್ವಂತ ಮನಿ ಗೋಡಿ ಎದ್ದು ಎಷ್ಟೋ ವರ್ಷ ಆದ್ರೂ ಮ್ಯಾಲ ತಗಡೇ. ಮಳಿ ಬಂತಂದ್ರ ಎಲ್ಲಿ ಬಿಟ್ಟು ಬರೋಬರಿ ಒಲಿ ಮ್ಯಾಲೇ ಸೋರ್ತದ. ನಾ ರೊಟ್ಟಿ ಬಡೀತೀನಿ, ನಮ್ಮ ಗೌಂಡಿ ಹಿಂದ ನಿಂತು ಛತ್ರಿ ಹಿಡೀತಾನ. ಬಾಜು ಮನಿ ನಮ್ಮ ನೆಗೆಣ್ಣಿದು, ಅಂದ್ರ ನಮ್ಮ ಭಾವನ ಹೆಂಡ್ತಿದು. ಭಾವ ಕರಣಕೋಟದ ಕಡಿ ಲಾರಿ ಓಡಸ್ತಾನ, ಅವರ ಮನಿಗಿ ಯಾವಾಗೋ ಸ್ಲ್ಯಾಬ್ ಬಿದ್ದದ. ಆಕಿ ಗೋಡಿ ಮ್ಯಾಲಿಂದ ಇಣುಕಿ, "ಊರಿಗೆಲ್ಲ ಸ್ಲ್ಯಾಬ್ ಹಾಕ್ತಾಳ, ತನ್ನ ಮನ್ಯಾಗ ಛತ್ರಿ ಹಿಡಸ್ತಾಳ" ಅಂತಾಳ. ಕೆಟ್ಟಾಕಿ ಅಲ್ಲ. ಹಿಂಗಂದು ಹತ್ತು ನಿಮಿಷದಾಗ ಬಿಸಿ ಸಾರು ಕೊಟ್ಟು ಹೋಗ್ತಾಳ. ಆದ್ರ ಆ ಮಾತು ನನಗ ನಾಟತದ್ರಿ. ಮುಂದಿನ ಮಳಿಗಾಲಕ್ಕ ಈ ತಗಡಿನ ಕೆಳಗ ನಾ ಇರಂಗಿಲ್ಲ ಅಂತ ಹಟ ಹಿಡದೆ. ನಮ್ಮ ಗ್ಯಾಂಗಿನವ್ರು, "ನಿನ್ನ ಸ್ಲ್ಯಾಬಿಗಿ ನಾವೆಲ್ಲಾ ಮುಯ್ಯಿ ಬರ್ತೀವಕ್ಕಾ, ಕೂಲಿ ಬ್ಯಾಡ. ಆದ್ರ ನಿನ್ನ ಕಾಯ್ದೆ ಮಾತ್ರ ನಿನಗೂ ಅವ ನೋಡು" ಅಂದ್ರು.

ಹೌದು, ಸ್ಲ್ಯಾಬಿನ ದಿನಕ್ಕ ನಾ ಮೂರು ಕಾಯ್ದೆ ಮಾಡಿಟ್ಟೀನಿ. ಅವು ಯಾವ್ಯಾವ ಮಾಲಕರಿಗಿ ಹ್ಯಾಂಗ ತಗಲಿದ್ವು, ಕಡೀಗಿ ಯಾರ ಕೊಳ್ಳಾಗ ಬಿದ್ವು, ಕೇಳ್ರಿ.

ಬೋಗೋಣಿ ಕಾಣಬೇಕು

ಮೊದಲನೇ ಕಾಯ್ದೆ: ಒಲಿ ಮ್ಯಾಲ ಮಟನ್ ಬೋಗೋಣಿ ಏರಿದ್ದು ಕಣ್ಣಿಗಿ ಕಾಣೋ ತನಕ ಮೊದಲನೇ ಬುಟ್ಟಿ ಏಳಂಗಿಲ್ಲ. ಮುಂಜಾನಿ "ಸಂಜಿಗಿ ಭರ್ಜರಿ ಊಟ" ಅಂದು, ಸಂಜಿಗಿ ಬಾಳಿಹಣ್ಣು ಕೊಟ್ಟು ಕಳಿಸಿದ ಮಾಲಕರನ್ನ ನೋಡೀವ್ರಿ ನಾವು. ಅದಕ್ಕ.

ಜಹೀರಾಬಾದಿನಾಗ ಒಬ್ಬ ಅರಿವಿ-ಬಟ್ಟಿ ಅಂಗಡಿ ಮಾಲಕರು, ಲಿಂಗ ಕಟ್ಟಿದ ಮನಿ. ನಾ ಕಾಯ್ದೆ ಹೇಳಿದ ಕೂಡ್ಲೇ ಅವರು ಎರಡೂ ಕಿವಿ ಮುಚ್ಕೊಂಡ್ರು. "ಯವ್ವಾ, ನಮ್ಮ ಮನ್ಯಾಗ ಸೋಮವಾರ ಉಳ್ಳಾಗಡ್ಡಿ ಸುದ್ದಾ ಹೆಚ್ಚಂಗಿಲ್ಲ. ನೀ ನೋಡಿದ್ರ ಹೊಸಾ ಮನಿ ಮುಂದ ಮಟನ್ ಅಂತಿ!"

"ಹಂಗಾದ್ರ ಬ್ಯಾರೆ ಗ್ಯಾಂಗ್ ನೋಡ್ಕೋರಿ" ಅಂದೆ.

ಅವರ ತಾಯಿ ಒಳಗಿಂದ ಬಂದ್ರು, ವಯಸ್ಸಾದವ್ರು, ಹಣಿ ತುಂಬ ವಿಭೂತಿ. "ತಂಗಿ, ಹೋಳಿಗಿ ಮಾಡಿ ಹಾಕ್ತೀನಿ. ನನ್ನ ಕೈಯ್ಯಾರ. ತುಪ್ಪ ಸಾಕು ಅನ್ನೋ ತನಕ ನಾ ಕೈ ತಡಿಯಂಗಿಲ್ಲ" ಅಂದ್ರು. ಅಂಥಾ ತಾಯಿ ಎದುರು ಎಂಥಾ ಕಾಯ್ದೆ? ನಾ ಕರಗಿದೆ.

ಅವತ್ತ ಅರ್ಧ ಸ್ಲ್ಯಾಬ್ ಆದಾಗ ಊಟಕ್ಕ ಕುಂತ್ವಿ. ಆ ತಾಯಿ ಮಾತಿಗಿ ತಪ್ಪಲಿಲ್ಲ. ಹೋಳಿಗಿ ಮ್ಯಾಲ ಹೋಳಿಗಿ, ತುಪ್ಪದ ಮ್ಯಾಲ ತುಪ್ಪ. ಸಾಕ್ರವ್ವ ಅಂದ್ರ, "ಇದೊಂದು ನನ್ನ ಸಲುವಾಗಿ" ಅಂತ ಮತ್ತೊಂದು. ತಿಂದು ಎದ್ದೇನಂದ್ರ ಯಾರಿಗೂ ಏಳಾಕ ಆಗವಲ್ದು. ಮಷೀನ್ ನಡಸಾಂವ ಸಿಮೆಂಟ್ ಚೀಲಕ್ಕ ಒರಗಿ ಗೊರಕಿ ಹೊಡಿಯಾಕತ್ತಾನ. ಸಲಿಕಿಯವ್ರು ಸಲಿಕಿ ಅಪ್ಕೊಂಡು ಮಲಗ್ಯಾರ. ಗ್ಯಾಂಗಿನಾಗ ಎಲ್ಲಾರಿಗಿಂತ ಹಿರ್ಯಾಕಿ ಒಬ್ಬಾಕಿ ಅದಾಳ, ನಾವು ದೊಡ್ಡವ್ವ ಅಂತೀವಿ. ಆಕಿ ಖಾಲಿ ಬುಟ್ಟಿ ಮುಖದ ಮ್ಯಾಲ ಮುಚ್ಕೊಂಡು ನೆರಳು ಮಾಡ್ಕೊಂಡಾಳ. ನಾ ಬೈದು ಎಬ್ಬಸಬೇಕಂದ್ರ ನನ್ನ ಕಣ್ಣೇ ಎಳೀತಾವ.

ಮ್ಯಾಲ ಹಾಕಿದ ಮಾಲು ಗಟ್ಟಿ ಆಗ್ಲಾಕತ್ತಿತ್ತು. ಮಾಲಕರು ಹೌಹಾರಿ, ಧೋತರ ಎತ್ತಿ ಕಟ್ಟಿ, ತಾವೇ ಒಂದು ಬುಟ್ಟಿ ಹೊತ್ರು. ಅವರ ಅಂಗಡಿ ಗುಮಾಸ್ತರು ಬಂದು ಸಾಲು ನಿಂತ್ರು. ಅಂಗಡಿಗಿ ಬಂದ ಗಿರಾಕಿ ಒಬ್ಬರು ಸುದ್ದಾ ಸಿಕ್ಕಿಬಿದ್ರು. ಕಡೀಗಿ ನಮಗ ನಾಚಿಕಿ ಬಂದು ಎದ್ದು, ಹೆಂಗೋ ಮುಗಿಸಿದ್ವಿ.

ಮುಂದ ಎರಡನೇ ಮಹಡಿ ಎತ್ತಿದಾಗ ಅದೇ ಮಾಲಕರು ನನ್ನ ಹುಡಿಕ್ಕೊಂಡು ಬಂದು ಸಣ್ಣ ದನಿಲೇ ಅಂದ್ರು: "ಅಕ್ಕಾ, ಈ ಸಲ ನಿಮ್ಮ ಬೋಗೋಣಿ ನಮ್ಮ ದೋಸ್ತನ ಮನ್ಯಾಗ ಏರಸ್ತೀನಿ. ನಾ ನೋಡಂಗಿಲ್ಲ, ನಮ್ಮವ್ವಗ ಹೇಳಂಗಿಲ್ಲ. ಹೋಳಿಗಿ ಮಾತ್ರ ಬ್ಯಾಡವ್ವಾ."

ಮಾಲಕರ ಕುರ್ಚಿ

ಎರಡನೇ ಕಾಯ್ದೆ: ಮಾಲಕರು ಕುರ್ಚಿ ಮ್ಯಾಲ ಕುಂದ್ರಬೇಕು. ಏಳಬಾರ್ದು, ಬಾಯಿ ಹಾಕಬಾರ್ದು. ಸ್ಲ್ಯಾಬಿನ ದಿನ ಮಾಲಕರಿಗಿ ಒಂಥರಾ ಬರ್ತದ್ರಿ. ನಿನ್ನೆ ತನಕ ಕಡಿ ಯಾವ್ದು ಉಸುಕು ಯಾವ್ದು ಗೊತ್ತಿಲ್ಲದವ್ರು ಅವತ್ತ "ಅಲ್ಲಿ ಕಮ್ಮಿ ಆತು, ಇಲ್ಲಿ ಜಾಸ್ತಿ ಆತು" ಅಂತ ಕಾಲಾಗ ಕಾಲು ಹಾಕ್ತಾರ.

ನಾರಾಯಣಖೇಡಿನಾಗ ಒಬ್ಬರು ರಿಟೈರ್ ಆದ ಮಾಸ್ತರು. ನಮ್ಮ ಬುಟ್ಟಿ ಸಾಲು ಸೊಟ್ಟ ಅದ ಅಂತ ಅವರ ತಕರಾರು. "ಎತ್ತರ ಪ್ರಕಾರ ನಿಂದ್ರಿ! ಕುಳ್ಳವ್ರು ಮುಂದ!" ಅಂತ ಸಾಲು ಬದಲಿ ಮಾಡಸಾಕ ಹೊಂಟ್ರು. ದೊಡ್ಡವ್ವನ್ನ ಹಿಡದು, "ನೀ ಹಿಂದಿನ ಸಾಲಿಗಿ ಹೋಗು" ಅಂದ್ರು. ದೊಡ್ಡವ್ವ ತುಂಬಿದ ಬುಟ್ಟಿ ಅವರ ಕೈಗೇ ಕೊಟ್ಟು ಹಿಂದ ಹೋದ್ಳು.

ನಾ ಕುರ್ಚಿ ತರಿಸಿ ಬೇವಿನ ಗಿಡದ ಕೆಳಗ ಹಾಕಿಸಿದೆ. "ಮಾಸ್ತರೇ, ನೀವು ಎದ್ರ ಮಷೀನ್ ನಿಂದರತದ. ಕುಂತ್ರ ನಡೀತದ" ಅಂದೆ. ಅವರು ಎರಡು ಸಲ ಎದ್ದು ನೋಡಿದ್ರು. ಎರಡು ಸಲನೂ ನಾ ಕೈ ಎತ್ತಿ ಮಷೀನ್ ನಿಂದರಸಿದೆ. ಆಮ್ಯಾಲ ಪಾಪ, ಎರಡೂ ಕೈ ತೊಡಿ ಮ್ಯಾಲ ಇಟ್ಕೊಂಡು ಸಂಜಿ ತನಕ ಕುಂತ್ರು. ಮಾತಾಡಬೇಕು ಅನ್ನಿಸಿದಾಗೆಲ್ಲ ನೀರು ಕುಡದ್ರು.

ಕೆಲಸ ಮುಗೀತು. ಅವರ ಮನಿಯವ್ರು ನನಗ ಚಹಾ ಕೊಟ್ಕೋತ ಬಾಜುಕ್ಕ ಕರದು, ಕಣ್ಣಾಗ ನೀರು ತಂದು ಕೇಳಿದ್ರು: "ಮದಿವಿ ಆದಾಗಿಂದ ಇವರು ಒಂದಿನ ಪೂರ್ತಿ ಸುಮ್ಮ ಕುಂತಿದ್ದು ಇವತ್ತೇ ನೋಡವ್ವಾ. ನಾಳಿಗೂ ಒಂದ್ ಸಣ್ಣ ಸ್ಲ್ಯಾಬ್ ಹಾಕಾಕ ಆಗ್ತದೇನು?"

ಬೀಗರ ಹೆಜ್ಜಿ

ರೋಡಿನ ಕೆಲಸದಾಗ ಮಾಲಕರ ಕಾಟ ಇಲ್ಲ, ಇಡೀ ಊರಿನ ಕಾಟ. ಬೊಮ್ರಾಸಪೇಟ್ ಕಡಿ ಒಂದು ಹಳ್ಳ್ಯಾಗ ಓಣಿಗಿ ಸಿಮೆಂಟ್ ರೋಡ್ ಹಾಕಾಕತ್ತಿದ್ವಿ. ಹಿಂದಿನ ದಿನಾನೇ ಡಂಗುರ ಹೊಡಿಸಿದ್ವಿ: ನಾಳಿ ಯಾರೂ ಓಣ್ಯಾಗ ಕಾಲಿಡಬ್ಯಾಡ್ರಿ. ಮಂದಿ ಚಲೋ ಕೇಳಿದ್ರು. ಕೋಳಿ ಸುದ್ದಾ ಬುಟ್ಟ್ಯಾಗ ಮುಚ್ಚಿಟ್ರು.

ಮಧ್ಯಾಹ್ನ ಆಗೋದ್ರಾಗ ರೋಡ್ ಹಾಕಿ ಮುಗಿಸಿ, ಗೋಣಿಚೀಲ ತೋಯಿಸಿ ಹೊದಸಬೇಕು ಅನ್ನೋದ್ರಾಗ, ಓಣಿ ಬಾಯಿಗಿ ಒಂದು ಜೀಪ್ ಬಂದು ನಿಂತ್ತು. ಹೆಣ್ಣು ನೋಡಾಕ ಬಂದವ್ರು! ಹೆಣ್ಣಿನ ಮನಿ ಓಣಿ ಆ ತುದಿಗಿ. ಇವರಿಗಿ ಡಂಗುರ ಎಲ್ಲಿ ಕೇಳಿಸ್ಬೇಕು? ಹುಡಗನ ತಂದಿ ಬಿಳಿ ಪಂಜಾ ಉಟ್ಟು, ಹೊಸಾ ಚಪ್ಪಲ್ ಹಾಕ್ಕೊಂಡು ಇಳದ್ರು. ಹೆಣ್ಣಿನ ತಂದಿ ಆ ಕಡಿಂದ, "ಬರ್ರಿ ಬರ್ರಿ" ಅನ್ನಾಕೂ ಆಗವಲ್ದು, "ಬರಬ್ಯಾಡ್ರಿ" ಅನ್ನಾಕೂ ಆಗವಲ್ದು. ಎರಡೂ ಕೈ ಮುಗಿದು ನಿಂತಬಿಟ್ರು.

"ಇದು ಚಲೋ ಶಕುನ ಅಲ್ಲ, ತಿರುಗಿ ಹೋಗಮು" ಅಂದ್ರು ಹುಡಗನ ತಂದಿ. ಬಾಗಲಾಗ ಆ ಹುಡುಗಿ ಸೀರಿ ಉಟ್ಕೊಂಡು ನಿಂತಿದ್ಳು. ಆಕಿ ಮುಖ ಸಣ್ಣಗಾತು. ನಾ ತಡೀರಿ ಅಂದೆ. ಸೆಂಟ್ರಿಂಗ್ ಹಲಗಿ ತರಿಸಿ, ಒಂದು ಕಟ್ಟಿಯಿಂದ ಇನ್ನೊಂದು ಕಟ್ಟಿಗಿ ಹಲಗಿ ಹಾಕ್ಕೋತ, ಎಲ್ಲಾರ ಮನಿ ಮುಂದ ಒಂದು ದಾರಿ ಮಾಡಿದ್ವಿ. ಬೀಗರು ಒಬ್ಬೊಬ್ಬರೇ ನಮ್ಮ ಹೆಣ್ಮಕ್ಕಳ ಹೆಗಲು ಹಿಡ್ಕೊಂಡು ದಾಟಿದ್ರು. ಹುಡಗ ದಾಟಿದ, ಅವನ ತಾಯಿ ದಾಟಿದ್ರು. ಕಡೀಗಿ ತಂದಿ ಬಂದ್ರು. ಹೆಣ್ಣಿನ ಮನಿ ಮುಂದ ಬಂದು, ಗತ್ತಿಲೇ ಮೀಸಿ ತಿದ್ಕೋಳಾಕ ಹೋಗಿ ಹಲಗಿ ಜಾರಿ, ಬಲಗಾಲು ಪಾದ ಮುಳುಗೋ ಮಟ ರೋಡಿನಾಗ!

ಕಾಲು ಬಂತು, ಚಪ್ಪಲ್ ಬರಲಿಲ್ಲ.

ಇನ್ನ ಸಂಬಂಧ ಮುರೀತು ಅಂತಾನೇ ನಾ ತಿಳದೆ. ಅಷ್ಟರಾಗ ಬಾಗಲಾಗಿನ ಹುಡುಗಿ ಒಂದು ಚರಿಗಿ ನೀರು ತಗೊಂಡು ಇಳದು ಬಂದು, ಅವರ ಕಾಲಿನ ಸಿಮೆಂಟ್ ತೊಳಿಯಾಕತ್ತಿದ್ಳು. ಹುಡಗನ ತಂದಿ ಕೆಳಗ ಬಗ್ಗಿ ಆಕಿನ್ನ ನೋಡಿದ್ರು. ಆಮ್ಯಾಲ ಚಪ್ಪಲ್ ಹೋದ ಜಾಗ ನೋಡಿದ್ರು.

"ಇನ್ನೇನು ಮಾತಾಡೋದದ?" ಅಂದ್ರು ಹೆಣ್ಣಿನ ತಂದಿಗಿ. "ನನ್ನ ಕಾಲು ಈ ಊರಾಗ ಪಕ್ಕಾ ಸಿಮೆಂಟಿನಾಗೇ ಊರೇದ. ತಾರೀಖ್ ಹಿಡೀರಿ."

ಬುಟ್ಟಿಗಿ ಹೆಲ್ಮೆಟ್

ತಾಂಡೂರ್ ಕಡಿ ಫರ್ಸಿ ಕಲ್ಲು ಪಾಲಿಶ್ ಮಾಡೋ ಶೆಡ್ಡಿನ ಕೆಲಸ. ಅಲ್ಲಿ ಒಬ್ಬ ಸೇಫ್ಟಿ ಸಾಹೇಬ, ಹೊಸದಾಗಿ ಬಂದ ಹುಡಗ, ಭಾಳ ಒಳ್ಳ್ಯಾಂವ. ಮೊದಲನೇ ದಿನಾನೇ ಎಲ್ಲಾರಿಗೂ ಹಳದಿ ಹೆಲ್ಮೆಟ್ ಹಂಚಿದ. "ಅಮ್ಮಾ, ಹೆಲ್ಮೆಟ್ ಇಲ್ದೇ ಯಾರೂ ಒಳಗ ಬರಬಾರ್ದು" ಅಂದ, ಅರ್ಧ ತೆಲುಗು ಅರ್ಧ ಹಿಂದಿ.

ಹಾಕ್ಕೊಂಡ್ವಿ. ಹೆಲ್ಮೆಟ್ ಮ್ಯಾಲ ಸಿಂಬಿ ಇಟ್ಟು, ಸಿಂಬಿ ಮ್ಯಾಲ ಬುಟ್ಟಿ ಇಟ್ವಿ. ಹೆಲ್ಮೆಟ್ ನುಣ್ಣಗ. ಬುಟ್ಟಿ ಜಾರಿ ಹಿಂದಿನಾಕಿ ಮ್ಯಾಲ, ಹಿಂದಿನಾಕಿದು ಆಕಿ ಹಿಂದಿನಾಕಿ ಮ್ಯಾಲ. ಒಂದು ತಾಸಿನಾಗ ಶೆಡ್ಡಿನ ನೆಲಕ್ಕ ನಾವು ಹಾಕೋದಕ್ಕಿಂತ ನಮ್ಮ ಮೈ ಮ್ಯಾಲ ಜಾಸ್ತಿ ಕಾಂಕ್ರೀಟ್ ಬಿದ್ದಿತ್ತು.

ದೊಡ್ಡವ್ವ ಹೆಲ್ಮೆಟ್ ತಗದು, ತಲಿ ಮ್ಯಾಲ ಬುಟ್ಟಿ ಇಟ್ಟು, ಆ ಬುಟ್ಟಿ ಮ್ಯಾಲ ಹೆಲ್ಮೆಟ್ ಮುಚ್ಚಿ ಒಳಗ ಹೊಂಟ್ಳು. ಸಾಹೇಬ ಓಡಿ ಬಂದ. "ಇದೇನಮ್ಮಾ?"

"ತಲಿ ಮ್ಯಾಲ ಏನರ ಬೀಳಬಾರ್ದು ಅಂತ ಅಲ್ಲೇನು ಇದು? ನನ್ನ ತಲಿ ಮ್ಯಾಲ ಬೀಳೋದು ಆಗ್ಲೇ ಬಿದ್ದದಪ್ಪಾ."

ಸಾಹೇಬ ಸಿಟ್ಟಿಗಿ ಬರಲಿಲ್ಲ. ಕೆಲಸ ನಿಂದರಸಿ, ತಾಂಡೂರಿಗಿ ಹೋಗಿ ಕೈಗಾಡಿ ತಂದ. "ಇನ್ನ ತಲಿ ಮ್ಯಾಲ ಬ್ಯಾಡ, ಗಾಡ್ಯಾಗ ದೂಡ್ರಿ, ಹೆಲ್ಮೆಟ್ ಮಾತ್ರ ಹಾಕ್ಕೋರಿ" ಅಂತ ಕೈ ಮುಗದ. ದೊಡ್ಡವ್ವ ಗೊಣಗಿಕೋತ ಹಾಕ್ಕೊಂಡ್ಳು. ಮಾರನೇ ದಿನ ಆಕಿ ಗಾಡಿ ದೂಡ್ತಿದ್ದಾಗ ಮ್ಯಾಲ ತಗಡು ಬಿಗಿಯೋರ ಕೈಯಿಂದ ಒಂದು ಬೋಲ್ಟ್ ಜಾರಿ ಟಣ್ ಅಂತ ಆಕಿ ಹೆಲ್ಮೆಟಿಗೇ ಬಿತ್ತು. ದೊಡ್ಡವ್ವ ಅಲ್ಲೇ ಕುಂತ್ಳು. ತಲಿ ಮುಟ್ಟಿ ನೋಡ್ಕೊಂಡ್ಳು. ಆಮ್ಯಾಲ ಸಾಹೇಬನ್ನ ಕರದು, ಅವನ ಗಲ್ಲ ಸವರಿ ಲಟಕಿ ಮುರದ್ಳು.

ಅವತ್ತಿನಿಂದ ಆಕಿ ತಲಿ ಮ್ಯಾಲಿಂದ ಹೆಲ್ಮೆಟ್ ಇಳಿಯವಲ್ದು. ಊಟಕ್ಕೂ ಅದೇ, ದೇವರಿಗೂ ಅದೇ. ಬಸ್ಸಿನಾಗ ಕಂಡಕ್ಟರ್ ನಕ್ಕು, "ಅವ್ವಾ, ಬಸ್ಸಿನಾಗ ಹೆಲ್ಮೆಟ್ ಯಾಕ?" ಅಂತ ಕೇಳಿದ.

"ಹತ್ತೋ ಮುಂದ ನಿಮ್ಮ ಡ್ರೈವರನ್ನ ನೋಡೀನಪ್ಪಾ" ಅಂದ್ಳು.

ಕಡೀ ಬುಟ್ಟಿ

ಮೂರನೇ ಕಾಯ್ದೆ ನನಗ ಭಾಳ ಪ್ರೀತಿದು. ಸ್ಲ್ಯಾಬ್ ಎಲ್ಲಾ ಮುಗದು ಕಡೀ ಬುಟ್ಟಿ ಉಳೀತದಲ್ರಿ, ಅದನ್ನ ನಾವು ಸುರಿಯಂಗಿಲ್ಲ. ಮಾಲಕ ಗಂಡ ಹೆಂಡ್ತಿ ಇಬ್ಬರೂ ಒಡಪು ಹಾಕಿ ಒಬ್ಬರ ಹೆಸರು ಒಬ್ಬರು ಹೇಳಬೇಕು. ಲಗ್ನದಾಗ ಹೇಳಸ್ತಾರಲ್ಲ, ಎರಡು ಸಾಲು ಪ್ರಾಸ ಕಟ್ಟಿ ನಡುವ ಹೆಸರು, ಹಂಗೇ. ಹೇಳಿದ್ರ ಬುಟ್ಟಿ ಸುರೀತದ. ಇಲ್ಲಾಂದ್ರ ಇಲ್ಲ.

ತಾಂಡೂರಿನ ಒಬ್ಬ ಕಲ್ಲಿನ ವ್ಯಾಪಾರಿ ಮನ್ಯಾಗ ಅವರ ಹೆಂಡ್ತಿ ಒಂದು ಗಳಿಗಿ ತಡೀಲಿಲ್ಲ. ಸೆರಗು ಸಿಗಿಸಿ ಮುಂದ ಬಂದು ಅಂದ್ರು:

"ತಾಂಡೂರ್ ಕಲ್ಲಿಗಿ ವರ್ಷಕ್ಕೊಮ್ಮಿ ಪಾಲಿಶು,
ನಮ್ಮ ರಾಯರ ಬೋಳು ತಲಿಗಿ ದಿನಾ ಎಣ್ಣಿ ಮಾಲೀಶು!"

ನಡುವ ಹೆಸರೂ ಹೇಳಿದ್ರು. ಅದನ್ನ ನಾ ಹೇಳಂಗಿಲ್ಲ, ಅವರ ಹಂತ್ಯಾಕ ನಮಗಿನ್ನಾ ಕೆಲಸ ಅದ. ಮಾಲಕರ ಪಾಳಿ ಬಂತು. ಬರೇ ಕೆಮ್ಮು. "ಅರೆ, ಇಡೀ ಬಾಜಾರದಾಗ ಮಾತಾಡಿ ಗೆಲ್ಲಾಂವ ನಾನು" ಅಂತ ತಲಿ ಕೆರಕೊಂಡ್ರು. ದೊಡ್ಡವ್ವ ಬುಟ್ಟಿ ಹಿಡ್ಕೊಂಡು, "ಸಾವ್ಕಾರ, ಜಲ್ದಿ. ನೀವು ಪ್ರಾಸ ಹುಡುಕೋದ್ರಾಗ ನನ್ನ ಬುಟ್ಟ್ಯಾಗೇ ಒಂದು ಕಲ್ಲು ತಯಾರಾಗ್ತದ" ಅಂದ್ಳು.

ಅವತ್ತ ಹೊಳ್ಳಿ ಬರೋ ಮುಂದ ಟಂಟಂದಾಗ ಎಲ್ಲಾರೂ ನನ್ನ ಮ್ಯಾಲ ಬಿದ್ರು. "ಅಕ್ಕಾ, ನಿನ್ನ ಸ್ಲ್ಯಾಬಿಗಿ ನಮ್ಮ ಗೌಂಡಿ ಏನ್ ಒಡಪು ಹಾಕ್ತಾನ?" ಅಂತ.

"ಮಾಲ್ ತಾ ಅಂತಾನ" ಅಂದೆ. ನಕ್ಕು ನಕ್ಕು ಟಂಟಂ ಅಳ್ಳಾಡಿತು. ನಮ್ಮ ಗೌಂಡಿ ಡ್ರೈವರ್ ಬಾಜು ಕುಂತು ರೋಡ್ ನೋಡ್ತಿದ್ದ.

ಹೆಸರಿನ ಮಾತು ಬಂತಂತ ಹೇಳ್ತೀನಿ. ನನ್ನ ಹೆಸರು ಶಾಂತಮ್ಮ. ನಗಬ್ಯಾಡ್ರಿ. ನನ್ನ ಬಾಯಿಗೂ ಆ ಹೆಸರಿಗೂ ಸಂಬಂಧ ಇಲ್ಲ ಅಂತ ನನಗೂ ಗೊತ್ತದ. ಅದು ಅತ್ತಿ ಇಟ್ಟಿದ್ದು. ತವರಮನ್ಯಾಗ ನಾ ಸಂಗಮ್ಮ. ನಮ್ಮ ಕಡಿ ಸಂಗಮೇಶ್ವರನ ಹೆಸರು ಮನಿಗೊಂದು ಇರ್ತದ್ರಿ. ಆದ್ರ ನಮ್ಮ ನೆಗೆಣ್ಣಿನೂ ಸಂಗಮ್ಮಾನೇ. ಒಂದು ಮನ್ಯಾಗ ಇಬ್ಬರು ಸಂಗಮ್ಮ ಹ್ಯಾಂಗ, ಕರದ್ರ ಇಬ್ಬರೂ ಬರ್ತಾರ ಅಂತ, ಲಗ್ನದ ಅಕ್ಕಿಕಾಳು ಬಿದ್ದ ದಿನಾನೇ ನನ್ನ ಹೆಸರು ತಗದು ಇದನ್ನ ಇಟ್ರು. ಅವತ್ತ ಅತ್ತೀನ್ರಿ ನಾ, ಖರೆ ಹೇಳ್ತೀನಿ. ಆಮ್ಯಾಲ ತವರಿಗಿ ಹೋದಾಗ ನಮ್ಮವ್ವ ಒಬ್ಬಾಕಿ "ಏ ಸಂಗೀ" ಅಂತಿದ್ಳು. ಆಕಿ ಹೋದ ಮ್ಯಾಲ ಆ ಹೆಸರೂ ಹೋತು. ಹೆಸರು ನೆಗೆಣ್ಣಿಗೇ ಉಳೀತು, ಸ್ಲ್ಯಾಬೂ ಆಕೀದೇ ಮೊದಲ ಬಿತ್ತು. ಆಕಿ ಛತ್ರಿ ಮಾತು ಆಡಿದಾಗೆಲ್ಲ ನನಗ ಎರಡು ಕಡಿ ನೋಯ್ತಿತ್ತು.

ನಮ್ಮ ಸ್ಲ್ಯಾಬು

ಅಂತೂ ಸಿಮೆಂಟು, ಕಡಿ, ಕಬ್ಬಿಣದ ಸಳಿ ಎಲ್ಲಾ ಕೂಡಿಬಿದ್ವು. ತಗಡು ಇಳಿಸಿ, ಹಲಗಿ ಬಡದು, ಸಳಿ ಕಟ್ಟಿದ್ವಿ. ಮಳಿಗಾಲ ಬಾಗಲಿಗಿ ಬಂದು ನಿಂತಿತ್ತು. ಮುಂಜಾನಿ ಗ್ಯಾಂಗೆಲ್ಲಾ ಬಂತು. ಬಂದು, ಗೋಡಿಗುಂಟ ಸಾಲಾಗಿ ಕುಂತಬಿಡ್ತು. ಒಬ್ಬರೂ ಸಲಿಕಿ ಮುಟ್ಟವಲ್ರು.

"ಏಳ್ರೇ! ಮಾರಿ ಏನ್ ನೋಡ್ತೀರಿ?" ಅಂದೆ.

ದೊಡ್ಡವ್ವ ಹೆಲ್ಮೆಟ್ ಸರಿ ಮಾಡ್ಕೊಂಡು ಅಂದ್ಳು: "ಬೋಗೋಣಿ ಕಾಣವಲ್ದು."

"ಮಟನ್ ತರಾಕ ಹೋಗ್ಯಾರ, ಬರ್ತದ!"

"ಎಲ್ಲಾ ಮಾಲಕರೂ ಹಿಂಗೇ ಅಂತಾರ ತಂಗಿ" ಅಂದ್ಳು. ಅದು ನಾ ಕಲಿಸಿದ ಮಾತೇ.

ನೆಗೆಣ್ಣಿ ಗೋಡಿ ಆ ಕಡಿಂದ ಎಲ್ಲಾ ಕೇಳ್ಕೋತ ನಿಂತಿದ್ಳು. ತನ್ನ ದೊಡ್ಡ ಬೋಗೋಣಿ ಹೊತ್ಕೊಂಡು ಬಂದು, ನಮ್ಮ ಅಂಗಳದಾಗ ಮೂರು ಕಲ್ಲಿಟ್ಟು ಒಲಿ ಹಚ್ಚಿ, "ನಾ ಅಡಗಿ ಮಾಡ್ತೀನಿ, ಏಳ್ರಿ ಇನ್ನ" ಅಂದ್ಳು. ಹೇಳಿದ್ನಲ್ರಿ, ಕೆಟ್ಟಾಕಿ ಅಲ್ಲ.

ಮಷೀನ್ ಸುರು ಆತು. ನಾ ರೂಢಿ ಪ್ರಕಾರ ಸಿಂಬಿ ಸುತ್ತಿ ಬುಟ್ಟಿಗಿ ಕೈ ಹಾಕಿದೆ. ಮಷೀನ್ ನಿಂತ್ತು. ತಿರುಗಿ ನೋಡಿದ್ರ ಕುರ್ಚಿ ತಂದು ಇಟ್ಟಾರ, ಅದೂ ನೆಗೆಣ್ಣಿ ಮನಿದು. "ಮಾಲಕ್ರು ಕುಂದ್ರಬೇಕು" ಅಂದ್ರು.

"ಗೌಂಡಿನೂ ಮಾಲಕನೇ ಅಲ್ಲೇನು? ಅವ ಮ್ಯಾಲ ಥಾಪಿ ಹಿಡ್ಕೊಂಡು ನಿಂತಾನ!"

"ಅವ ಬಾಯಿ ಹಾಕಂಗಿಲ್ಲ. ಅವನಿಗಿ ಕುರ್ಚಿ ಯಾಕ?"

ಕುಂತೆ. ಆ ಕುರ್ಚಿ ಎಂಥಾ ಕಷ್ಟ ಅಂತ ನನಗ ಅವತ್ತ ಗೊತ್ತಾತು. ಬುಟ್ಟಿ ಸಾಲು ಖರೇನೇ ಸೊಟ್ಟ ಇತ್ರಿ! ಎತ್ತರದವ್ರು ಹಿಂದ ಇದ್ರ ಚಲೋ ಇತ್ತು. ಹೇಳಬೇಕಂತ ಎದ್ದೆ, ಮಷೀನ್ ನಿಂತ್ತು. ಕುಂತೆ, ನಡೀತು. ನಾರಾಯಣಖೇಡಿನ ಮಾಸ್ತರನ್ನ ನೆನಸ್ಕೊಂಡು ನೀರು ಕುಡದೆ.

ಮಧ್ಯಾಹ್ನ ಸರಿದ ಮ್ಯಾಲ ಬೀದರ್ ದಿಕ್ಕಿನಿಂದ ಕರೀ ಮೋಡ ಏಳಾಕತ್ತಿತ್ತು. ನನ್ನ ಜೀವ ಬಾಯಿಗಿ ಬಂತು. ಸ್ಲ್ಯಾಬ್ ಎಲ್ಲಾ ಆಗಿತ್ತು, ಒಂದೇ ಮೂಲಿ ಉಳದಿತ್ತು. ಯಾವ ಮೂಲಿ? ಒಲಿ ಮ್ಯಾಲಿನ ಮೂಲಿ. ಅದು ತುಂಬೋದ್ರಾಗ ಮಳಿ ಬಿದ್ರ ಅಲ್ಲೇ ಬಿರುಕು ಉಳೀತದ, ಕಾಯಂ ಸೋರ್ತದ. ಇಷ್ಟೆಲ್ಲಾ ಮಾಡಿ ಮತ್ತ ಛತ್ರಿ ಕೆಳಗೇ ರೊಟ್ಟಿ ಬಡೀಬೇಕು. ಹೆಣ್ಮಕ್ಕಳು ಖರೇನೇ ಓಡಿ ಓಡಿ ಹೊತ್ರು. ಮೂಲಿ ತುಂಬ್ಕೋತ ಬಂತು. ದೊಡ್ಡವ್ವ ಕಡೀ ಬುಟ್ಟಿ ಹೊತ್ಕೊಂಡು ಏಣಿ ಹತ್ತಿ, ಆ ಮೂಲಿ ಮುಂದ ನಿಂತ್ಳು.

ನಿಂತೇಬಿಟ್ಳು.

"ಸುರಿಯೇ ಯವ್ವಾ! ಮೋಡ ನೋಡಿಲ್ಲಿ!" ಅಂದೆ ಕೆಳಗಿಂದ.

"ಹೆಸರು" ಅಂದ್ಳು.

"ನಿನ್ನ ಕಾಲು ಬೀಳ್ತೀನಿ, ಇವತ್ತ ಆ ಕಾಯ್ದೆ ಬಿಡು!"

"ಕಾಯ್ದೆ ಅಂದ್ರ ಕಾಯ್ದೆ" ಅಂತ ಇಡೀ ಗ್ಯಾಂಗ್ ಒಂದೇ ದನಿಲೇ ಅಂತು. ಅವರ ನಗಿ ನೋಡಬೇಕಿತ್ರಿ ನೀವು.

ನಾ ಕುರ್ಚಿ ಒದ್ದು ಏಣಿ ಹತ್ತಿ ಗಡಬಡಿಲೇ ಒಂದು ಹಾಕಿದೆ:

"ಬಿಸಿ ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ,
ನಮ್ಮ ಶಿವಪ್ಪ ಮಾತಾಡಿದ್ರ ಊರಿಗೆಲ್ಲ ಸುದ್ದಿ!"

ಎಲ್ಲಾರೂ ಹೋ ಅಂದ್ರು. ಈಗ ಗೌಂಡಿ ಪಾಳಿ. ಅವ ಥಾಪಿ ಹಿಡ್ಕೊಂಡು, ಒಂದು ಕಣ್ಣು ಮುಚ್ಚಿ, ಗೋಡಿ ನೋಡಿದಂಗ ನನ್ನ ನೋಡ್ಕೋತ ನಿಂತ. ಗುಡುಗು ಹೊಡೀತು. ನನ್ನ ಮೂಗಿನ ಮ್ಯಾಲ ಒಂದು ಹನಿ ಬಿತ್ತು.

"ಮಾಲ್ ತಾ ಅಂತರ ಅನ್ರಿ! ಏನರ ಅನ್ರಿ!" ಅಂತ ಚೀರಿದೆ.

ಅವ ಗಂಟಲು ಸರಿ ಮಾಡ್ಕೊಂಡು, ಅವಸರ ಇಲ್ದೇ ಅಂದ:

"ಒಂಬತ್ತಿಂಚು ಇಟ್ಟಂಗಿ, ನೆಟ್ಟಗ ಕಟ್ಟಿದ ಗೋಡಿ,
ಗುಂಡು ಹಿಡೀದೇನೇ ನಿಂತದ ನಂದು ಸಂಗಮ್ಮಂದು ಜೋಡಿ."

ಯಾರೂ ಹೋ ಅನ್ನಲಿಲ್ಲ. ಕೆಳಗ ನೆಗೆಣ್ಣಿ ಕೈಯಾಗಿನ ಸೌಟು ದುಡುಂ ಅಂತ ಬೋಗೋಣ್ಯಾಗ ಬಿತ್ತು.

"ಅಯ್ಯಯ್ಯೋ ಮೈದುನಾ! ನನ್ನ ಹೆಸರ್ಯಾಕೋ ತಗೊಂಡಿ? ನಾ ನಿಮ್ಮಣ್ಣನ ಹೆಂಡ್ತಿ ಇದ್ದೀನೋ! ಅವ ಕೇಳಿದ್ರ ಲಾರಿ ಸಮೇತ ಬರ್ತಾನ ನೋಡು!"

ದೊಡ್ಡವ್ವ ಬುಟ್ಟಿ ಅಪ್ಕೊಂಡು, "ಕೆಟ್ಟಿ ಗೌಂಡಿ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ಇದಕ್ಕೇ ಏನು?" ಅಂದ್ಳು.

"ವೈನಿ, ನಿಂದಲ್ಲ" ಅಂದ ನಮ್ಮ ಗೌಂಡಿ. "ಹೆಣ್ಣು ನೋಡಾಕ ಹೋದಾಗ ಹೆಸರೇನವ್ವಾ ಅಂತ ಕೇಳಿದ್ರು. ಸಂಗಮ್ಮ ಅಂದ್ಳು. ನಾ ಲಗ್ನ ಆಗಿದ್ದು ಆಕಿನ್ನ."

"ಮತ್ತ ಈ ಶಾಂತಮ್ಮಕ್ಕ ಯಾರು ಮಾಮಾ?" ಅಂದ್ಳು ಬುಟ್ಟಿ ಸಾಲಿನಾಗಿನ ಒಬ್ಬಾಕಿ, ಗಾಬರ್ಯಾಗಿ.

"ಅದು ನಮ್ಮವ್ವ ಇಟ್ಟಿದ್ದು."

ಎಲ್ಲಾರೂ ನನ್ನ ಕಡಿ ತಿರುಗಿದ್ರು. ಜೀವನದಾಗ ಒಮ್ಮಿನೂ ಬಂದ್ ಬೀಳದ ನನ್ನ ಬಾಯಿ ಅವತ್ತ ಬಂದ್ ಬಿತ್ತು. ನಮ್ಮವ್ವ ಹೋದ ಮ್ಯಾಲ ಆ ಹೆಸರು ಯಾರ ಬಾಯಾಗೂ ಕೇಳಿರಲಿಲ್ಲ. ಇವ ಎಲ್ಲಿ ಇಟ್ಕೊಂಡಿದ್ದ ಅದನ್ನ? ದಿನಾ ಛತ್ರಿ ಹಿಡ್ಕೊಂಡು ಹಿಂದ ನಿಂತಾಗೆಲ್ಲ ಈ ಹೆಸರೇ ಇತ್ತೇನು ಅವನ ಬಾಯಾಗ? ಅಳು ಒತ್ತಿ ಬಂತು. ಅತ್ತೆ, ಎಲ್ಲಾರ ಮುಂದೇ ಅತ್ತೆ.

"ಯವ್ವಾ, ನೀನೇ ಏನು ಸಂಗಮ್ಮ?" ಅಂದ್ಳು ದೊಡ್ಡವ್ವ.

ತಲಿ ಮ್ಯಾಲ ಪಟಪಟ ಅಂತ ಹನಿ ಬೀಳಾಕತ್ತಿದ್ವು. "ನಾನೇ! ನಾನೇ ಸಂಗಮ್ಮ! ಸುರೀರೇ ಮೊದಲ!"

ದೊಡ್ಡವ್ವ ಸುರದ್ಳು. ಗೌಂಡಿ ಥಾಪಿ ಎಳದ. ಹತ್ತು ಕೈ ಕೂಡಿ ತಾಡಪತ್ರಿ ಹೊದಸಿದ್ವು. ನಾವೆಲ್ಲಾ ಏಣಿ ಇಳದು ಒಳಗ ಓಡಿ, ಸ್ಲ್ಯಾಬಿಗಿ ಆಸರಾ ಕೊಟ್ಟ ಕಟ್ಟಿಗಿ ನಡುವ ನುಗ್ಗಿ ನಿಂತ್ವಿ. ಆಮ್ಯಾಲ ಮಳಿ ಅಂದ್ರ ಮಳಿ. ನಾ ನಮ್ಮ ಒಲಿ ಮೂಲ್ಯಾಗ ಹೋಗಿ ಮ್ಯಾಲ ಮುಖ ಮಾಡಿ ನಿಂತೆ. ಒಂದು ಹನಿ ಬೀಳಲಿಲ್ಲ.

ಹೊರಗ ಅಂಗಳದಾಗ ನೆಗೆಣ್ಣಿ ಒಂದು ಕೈಲೇ ಬೋಗೋಣಿ ಮ್ಯಾಲ ಛತ್ರಿ ಹಿಡದು, ಇನ್ನೊಂದು ಕೈಲೇ ಸೌಟು ತಿರುವ್ಕೋತ, ತೋಯ್ಸಿಕೋತ ಚೀರಾಕತ್ತಿದ್ಳು: "ಏ, ಬಂದು ಛತ್ರಿ ಹಿಡೀ ಬಾರೇ! ಸಾರೆಲ್ಲಾ ನೀರಾಗ್ತದ!"

ಎಷ್ಟೋ ವರ್ಷದಿಂದ ಗಂಟಲಾಗ ಇಟ್ಕೊಂಡಿದ್ದು, ಬಾಗಲಾಗ ನಿಂತು ಓಣಿಗೆಲ್ಲ ಕೇಳೋಂಗ ಒದರಿದೆ: "ಛತ್ರಿ ನೀನೇ ಹಿಡ್ಕೋ ಸಂಗಮ್ಮಾ! ಇಲ್ಲಾಂದ್ರ ಬೋಗೋಣಿ ತಗೊಂಡು ಒಳಗ ಬಾ. ಈ ಸಂಗಮ್ಮನ ಮನಿಗಿ ಸ್ಲ್ಯಾಬ್ ಬಿದ್ದದ!"